ಕೋಚ್ ಟಾರ್ಪ್ಲಿಗೆ ಸಿಗದ ಸಹಿ

ನಮ್ಮ ಡನ್ಲೀ ಊರಿನಲ್ಲಿ ಕೋಚ್ ಹಾಲಿಸ್ ಟಾರ್ಪ್ಲಿಯವರಿಗೆ ಯಾರೂ ಯಾವುದಕ್ಕೂ ಇಲ್ಲ ಅಂದದ್ದಿಲ್ಲ. ಪೂರ್ವ ಟೆಕ್ಸಾಸಿನ ಪೈನ್ ಮರಗಳ ನಡುವಿನ ಈ ಸಣ್ಣ ಊರಿನ ಹೈಸ್ಕೂಲು ತಂಡವನ್ನು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್ಬಾಲಿನಲ್ಲಿ, ರಾಜ್ಯದ ಫೈನಲ್‌ವರೆಗೆ ಕರೆದೊಯ್ದವರು ಅವರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಹೋಟೆಲಿನಲ್ಲಿ ಅವರ ಕಾಫಿಗೆ ಯಾರೂ ದುಡ್ಡು ಕೇಳುತ್ತಿರಲಿಲ್ಲ. ಚರ್ಚಿನ ಮುಂದೆ ಅವರು ಟ್ರಕ್ಕು ನಿಲ್ಲಿಸುವ ಜಾಗದಲ್ಲಿ ಇನ್ನೊಬ್ಬರು ನಿಲ್ಲಿಸುತ್ತಿರಲಿಲ್ಲ. ಗ್ರೇಡಿ ಮ್ಯಾಬ್ರಿ ಅನ್ನುವ ನಾನೂ ಅವರ ಕೈಯಲ್ಲಿ ಪಳಗಿದವನೇ. ಕೆಸರಿನಲ್ಲಿ ಹೊರಳಾಡಿಸಿ, ಹುಟ್ಟಿದ್ದೇ ತಪ್ಪಾಯಿತು ಅನ್ನಿಸುವ ಹಾಗೆ ಬೈದು, ಆಮೇಲೆ ತಮ್ಮ ಟ್ರಕ್ಕಿನಲ್ಲೇ ಮನೆ ಬಾಗಿಲಿಗೆ ಬಿಟ್ಟು ಹೋಗುತ್ತಿದ್ದ ಮನುಷ್ಯ.

ಅಂಥವರಿಗೆ ನನ್ನ ಅಕ್ಕ ವರ್ಲೀನ್ ಇಲ್ಲ ಅಂದಳು.

ಬಟ್ಟೆಯೊಳಗೆ ಪಿಸ್ತೂಲು ಮರೆಮಾಡಿಕೊಂಡು ಓಡಾಡಲು ಆಗ ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಬೇಕಾಗಿತ್ತು. ಲೈಸೆನ್ಸಿಗೆ ಮೊದಲು ಇಡೀ ದಿನದ ತರಗತಿ, ಕಾನೂನಿನ ಬಗ್ಗೆ ಬರವಣಿಗೆಯ ಪರೀಕ್ಷೆ, ಸಂಜೆಗೆ ಗುರಿ ಪರೀಕ್ಷೆ. ಮೂರೂ ಮುಗಿದ ಮೇಲೆ ಕಲಿಸಿದವರು ಸರ್ಟಿಫಿಕೇಟಿಗೆ ಸಹಿ ಹಾಕಬೇಕು. ನಮ್ಮ ಸೀಮೆಯಲ್ಲಿ ಕಲಿಸುತ್ತಿದ್ದವಳು ಅಕ್ಕ. ಅದಕ್ಕೆ ಮುಂಚೆ ಅವಳು ಕೌಂಟಿ ಜೈಲಿನಲ್ಲಿ ವಾರ್ಡರ್ ಆಗಿದ್ದಳು. ಮದುವೆಯಾಗಲಿಲ್ಲ. ಕೇಳಿದವರಿಗೆ, "ದಿನವಿಡೀ ಗಂಡಸರನ್ನ ಬೀಗ ಹಾಕಿ ಕಾಯ್ದೋಳು, ಮನೆಗೂ ಒಬ್ಬನ್ನ ತರ್ಲಾ?" ಅನ್ನುತ್ತಿದ್ದಳು. ಹೆದ್ದಾರಿಯ ಪಕ್ಕದಲ್ಲಿ ನನ್ನ ಬೇಟೆ ಸಾಮಾನಿನ ಅಂಗಡಿ. ಗಾಳ, ಎರೆಹುಳು, ತೋಟಾ, ತಣ್ಣನೆಯ ಸೋಡಾ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ತರಗತಿ. ಅದರ ಹಿಂದೆ, ಅಪ್ಪ ಬಿಟ್ಟುಹೋದ ಜಮೀನಿನಲ್ಲಿ, ಕೆಂಪು ಮಣ್ಣಿನ ದಿಬ್ಬಕ್ಕೆ ಎದುರಾಗಿ ಗುಂಡು ಹಾರಿಸುವ ಬಯಲು.

ಅಕ್ಟೋಬರಿನ ಒಂದು ಶನಿವಾರ ಕೋಚ್ ತರಗತಿಗೆ ಬಂದರು. ಕೂತಿದ್ದವರೆಲ್ಲ ಎದ್ದು ಕೈಕುಲುಕಿದರು. ಅವರು ಮುಂದಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತು, "ನಡೆಸಮ್ಮ ನಿನ್ನ ಸ್ಕೂಲು. ಇಷ್ಟು ವರ್ಷ ನಾನು ಬೈದೆ, ಇವತ್ತು ನೀನು ಬೈಯಿ" ಅಂದರು. ಎಲ್ಲರೂ ನಕ್ಕರು.

ಪಾಠ ಶುರು ಮಾಡುವ ಮುನ್ನ ಪಿಸ್ತೂಲು ಯಾಕೆ ಬೇಕು ಅಂತ ಪ್ರತಿಯೊಬ್ಬರನ್ನೂ ಕೇಳುವುದು ಅಕ್ಕನ ಪದ್ಧತಿ. ಕೋಚ್ ಸರದಿ ಬಂದಾಗ ಅವರು ಹೇಳಿದರು:

"ಮನೆಗೆ ಕಳ್ಳರು ನುಗ್ತಾರೆ. ಮೊದ್ಲು ಕನ್ನಡಕ ಹೋಯ್ತು. ಆಮೇಲೆ ಟ್ರಕ್ಕಿನ ಕೀ. ಹೋದ ವಾರ ನನ್ನ ರೇಜರೂ ಇಲ್ಲ."

"ಯಾವನಿಗೆ ಅಷ್ಟು ಕೊಬ್ಬು?" ಅಂತ ಹಿಂದಿನಿಂದ ಯಾರೋ ಹಲ್ಲು ಕಡಿದರು.

"ಬೀಗ ಒಡೆದಿದ್ರಾ, ಕೋಚ್?" ಅಕ್ಕ ಕೇಳಿದಳು.

"ಅದೇ ಸೋಜಿಗ. ಬೀಗ ಹಾಕಿದ್ದು ಹಾಕಿದ ಹಾಗೇ ಇರುತ್ತೆ. ಪಳಗಿದ ಕೈ."

ಅಕ್ಕ ತಲೆಯಾಡಿಸಿ ಮುಂದಿನವರ ಕಡೆ ತಿರುಗಿದಳು. ಆದರೆ ಆಮೇಲಿಂದ ದಿನವೆಲ್ಲ ಅವಳ ಕಣ್ಣು ಕೋಚ್ ಮೇಲೆಯೇ ಇತ್ತು. ಊಟದ ಹೊತ್ತಿಗೆ ನಾನು ಕರಿದ ಮೀನು, ಜೋಳದ ಬ್ರೆಡ್ಡು ತಂದಿಟ್ಟೆ. ಕೋಚ್ ತಟ್ಟೆ ಹಿಡಿದು ಬಂದು, ಸಂಜೆ ಎಷ್ಟು ಗುಂಡು ಹಾರಿಸಬೇಕು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಅದನ್ನೇ ಕೇಳಿದರು. ತಟ್ಟೆ ತೊಳೆಯುವಾಗ ಇನ್ನೊಮ್ಮೆ. ವಯಸ್ಸಾಯಿತಲ್ಲ ಅಂದುಕೊಂಡೆ.

ಬರವಣಿಗೆಯ ಪರೀಕ್ಷೆಯಲ್ಲಿ ಅವರು ಪಾಸಾದರು. ಗುರಿಯಲ್ಲಂತೂ ಹುಡುಗರನ್ನೂ ಮೀರಿಸಿದರು. ಆದರೆ ನಿಲ್ಲಿಸಿ ಅಂತ ಅಕ್ಕ ಸೀಟಿ ಊದಿದ ಕೂಡಲೇ ಪಿಸ್ತೂಲು ಕೈಯಲ್ಲಿ ಹಿಡಿದೇ ನಗುತ್ತಾ ನಮ್ಮ ಕಡೆ ತಿರುಗಿದರು. ನಳಿಕೆ ಸಾಲಾಗಿ ನಿಂತಿದ್ದವರ ಹೊಟ್ಟೆಗಳ ಮೇಲೆ ಹಾದುಹೋಯಿತು. ಅಕ್ಕ ಹಾರಿ ಮಣಿಕಟ್ಟು ಹಿಡಿದು ಕೆಳಗೆ ಒತ್ತಿದಳು.

"ನಳಿಕೆ ದಿಬ್ಬದ ಕಡೆ ಇರ್ಬೇಕು, ಕೋಚ್."

"ಆ ಕಡೆನೇ ಇತ್ತಲ್ಲಮ್ಮ."

ಅವರ ಮುಖದಲ್ಲಿ ಸುಳ್ಳಿರಲಿಲ್ಲ. ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಆಯಿತು. ಆಗಲೂ ಅದೇ ಉತ್ತರ, ಅದೇ ಮುಗ್ಧ ಮುಖ.

ಉಳಿದವರೆಲ್ಲ ಸರ್ಟಿಫಿಕೇಟು ಹಿಡಿದು ಹೋದ ಮೇಲೆ ಅಕ್ಕ ಅವರನ್ನು ಅಂಗಡಿಯ ಒಳಗೆ ಕರೆದಳು. ನಾನು ಗಲ್ಲಾದ ಹಿಂದಿದ್ದೆ.

"ಕೋಚ್, ನಿಮ್ಮದಕ್ಕೆ ನಾನು ಸಹಿ ಹಾಕಲ್ಲ."

ತಮಾಷೆ ಅಂದುಕೊಂಡು ಅವರು ಕಾದರು. ಅವಳು ನಗಲಿಲ್ಲ.

"ನಾನು ಪಾಸಾದೆ."

"ಪಾಸಾದ್ರಿ. ಆದ್ರೆ ನಿಮ್ಮ ಕೈಲಿ ಪಿಸ್ತೂಲು ಇರೋವಾಗ ನಿಮ್ಮ ಪಕ್ಕದಲ್ಲಿರೋರು ಕ್ಷೇಮ ಅಂತ ನಾನು ಬರ್ಕೊಡೋಕಾಗಲ್ಲ. ನಿಮ್ಮ ಫೀಸು ತಗೊಳ್ಳಿ. ಒಂದ್ಸಲ ಡಾಕ್ಟರಿಗೂ ತೋರಿಸ್ಕೊಳ್ಳಿ."

"ಡಾಕ್ಟರಿಗೆ." ಅವರ ಕುತ್ತಿಗೆ ಕೆಂಪಾಯಿತು. "ಲೋ ಮ್ಯಾಬ್ರಿ, ಕೇಳಿಸ್ಕೊಂಡ್ಯಾ ನಿಮ್ಮಕ್ಕನ ಮಾತು? ಕೈದಿಗಳ ತಟ್ಟೆ ಎಣಿಸ್ಕೊಂಡಿದ್ದೋಳು ನನ್ನನ್ನ ಅಳೀತಾಳೆ." ನೋಟುಗಳನ್ನು ಗಲ್ಲಾದ ಮೇಲೆ ಬಿಸಾಡಿ ಹೊರಟುಹೋದರು.

ಸೋಮವಾರದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಅಕ್ಕ ಯಾರಿಗೂ ಕಾರಣ ಹೇಳಲಿಲ್ಲ. "ಅದು ನನಗೂ ಅವರಿಗೂ ಸೇರಿದ್ದು" ಅಂದಳು ಅಷ್ಟೆ. ಕಾರಣ ಸಿಗದ ಜಾಗವನ್ನು ಊರಿನವರು ತಾವೇ ತುಂಬಿದರು. ಚಿಕ್ಕಂದಿನಲ್ಲಿ ಅಕ್ಕನನ್ನು ಕೋಚ್ ತಂಡದ ವಾದ್ಯದ ಬ್ಯಾಂಡಿಗೆ ಸೇರಿಸಿರಲಿಲ್ಲವಂತೆ, ಅದರ ಸೇಡಂತೆ. ಹೆಂಗಸಿನ ಕೈಗೆ ಅಧಿಕಾರ ಕೊಟ್ಟರೆ ಹೀಗೇ ಅಂತೆ. ಕೋಚ್‌ಗೆ ಬುದ್ಧಿ ಕೆಟ್ಟಿದೆ ಅಂತ ಅವಳೇ ಹಬ್ಬಿಸಿದಳಂತೆ. ಪಾದ್ರಿಗಳು ಅಂಗಡಿಗೆ ಬಂದು ಗಾಳ ಕೊಳ್ಳುವ ನೆಪದಲ್ಲಿ ಕ್ಷಮೆಯ ಬಗ್ಗೆ ಮಾತಾಡಿದರು. ಅಕ್ಕ ಚಿಲ್ಲರೆ ಎಣಿಸಿ ಕೊಟ್ಟು, "ನೀವು ಮೀನು ಹಿಡೀರಿ ಸ್ವಾಮಿ" ಅಂದಳು.

ನವೆಂಬರಿನಲ್ಲಿ ವಕೀಲರ ನೋಟಿಸು ಬಂತು. ಕೋಚ್ ಪರವಾಗಿ ಬರೆದವನು ಟ್ರೆಂಟ್ ಆ್ಯಶ್ಲಾಕ್, ಒಂದು ಕಾಲದಲ್ಲಿ ಅವರ ತಂಡದ ನಾಯಕ. ಎರಡೂ ಪರೀಕ್ಷೆ ಪಾಸಾದವರಿಗೆ ಸರ್ಟಿಫಿಕೇಟು ತಡೆದದ್ದು ಒಂದು ಆರೋಪ, ಊರಿನಲ್ಲಿ ಅವರ ಮಾನ ಕಳೆದದ್ದು ಇನ್ನೊಂದು. ಸಹಿ ಹಾಕಿ, ಬಹಿರಂಗವಾಗಿ ಕ್ಷಮೆ ಕೇಳಿದರೆ ಇಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ನ್ಯಾಯಾಲಯ. ಅಂಗಡಿಯ ಜಾಗದಲ್ಲಿ ತರಗತಿ ನಡೆದದ್ದರಿಂದ ನನ್ನ ಹೆಸರನ್ನೂ ಸೇರಿಸಿದ್ದರು.

ಬೋಧಕರಿಗೆ ಅಂತ ಅಕ್ಕ ಮಾಡಿಸಿದ್ದ ವಿಮೆಯ ಕಂಪನಿಗೆ ಫೋನು ಮಾಡಿದೆವು. ಆ ಕಡೆಯ ಹುಡುಗ ನಯವಾಗಿಯೇ ಮಾತಾಡಿದ. ಅಕ್ಕ ಕಲಿಸಿದ್ದರಿಂದ ಯಾರಿಗಾದರೂ ಪೆಟ್ಟಾಗಿದ್ದರೆ ತಾವು ಬೆನ್ನಿಗೆ ನಿಲ್ಲುತ್ತಿದ್ದೆವು, ಬೇಕಂತಲೇ ಸಹಿ ಹಾಕದೆ ಇದ್ದದ್ದು ಅದರೊಳಗೆ ಬರುವುದಿಲ್ಲ ಅಂದ. ಆಮೇಲೆ ನಾವು ಹತ್ತಿರದ ಪಟ್ಟಣ ಲಫ್ಕಿನ್‌ಗೆ ಹೋಗಿ ಒಫೀಲಿಯಾ ಕಾಂಟೂ ಅನ್ನುವ ವಕೀಲೆಯನ್ನು ಕಂಡೆವು. ಸಣ್ಣ ಆಳು, ದೊಡ್ಡ ಕನ್ನಡಕ. ನಮ್ಮ ಮಾತು ಮುಗಿಯುವವರೆಗೂ ಪೆನ್ನು ಮುಟ್ಟಲಿಲ್ಲ.

"ನೇರವಾಗಿ ಹೇಳ್ತೀನಿ, ಮಿಸ್ ಮ್ಯಾಬ್ರಿ" ಅಂದಳು. "ನೀವು ಸಹಿ ಹಾಕಿ, ನಾಳೆ ಅವರು ಯಾರಿಗಾದ್ರೂ ಗುಂಡು ಹೊಡೆದ್ರು ಅಂತಿಟ್ಕೊಳ್ಳಿ. ನಿಮ್ಮ ಮೇಲೆ ಹೊಣೆ ಹೊರಿಸೋದು ಸುಲಭ ಅಲ್ಲ. ರಾಜ್ಯ ಹೇಳಿದ ಪಾಠ ಮಾಡಿದ್ರಿ, ರಾಜ್ಯ ಹೇಳಿದ ಪರೀಕ್ಷೆ ಕೊಟ್ರಿ, ಅವರು ಪಾಸಾದ್ರು. ಹೊಡೆದೋನ ತಪ್ಪು ಹೊಡೆದೋನದು. ಅದೇ ಪಾಸಾದೋರಿಗೆ ಸಹಿ ಹಾಕಲ್ಲ ಅಂದ್ರೆ, ಅದು ಪೂರ್ತಿ ನಿಮ್ಮ ಸ್ವಂತ ತೀರ್ಮಾನ. ಅದಕ್ಕೆ ಉತ್ತರ ಹೇಳ್ಬೇಕಾದೋರೂ ನೀವೇ."

"ಅಂದ್ರೆ, ಸಹಿ ಹಾಕಿ ಹೆಣ ಬಿದ್ರೆ ನಾನು ಬಚಾವು. ಹಾಕದೆ ಎಲ್ಲರೂ ಬದುಕಿದ್ರೆ ನಾನು ತಪ್ಪಿತಸ್ಥೆ."

"ಹೆಚ್ಚುಕಮ್ಮಿ ಹಾಗೇ."

"ಹಾಗಾದ್ರೆ ತಪ್ಪಿತಸ್ಥೆ ಅಂತಲೇ ಬರ್ಕೊಳ್ಳಿ."

ಒಫೀಲಿಯಾ ಆಗ ಪೆನ್ನು ತೆಗೆದಳು.

ದಾರಿಯಲ್ಲಿ ಬರುವಾಗ ನಾನು ಸುಮ್ಮನಿರಲಿಲ್ಲ. "ಅಕ್ಕ, ಸಹಿ ಹಾಕಿಬಿಡು. ಅಂಗಡಿಗೆ ಜನ ಬರೋದು ನಿಂತಿದೆ. ಜಮೀನು ಹೋದ್ರೆ ಎಲ್ಲಿ ಕೂತ್ಕೊಳ್ಳೋಣ? ನಿನ್ನನ್ನ ಯಾರೂ ತಪ್ಪು ಅನ್ನಲ್ಲ. ಕಾನೂನೇ ಅನ್ನಲ್ವಂತೆ."

"ಕಾನೂನು ಅನ್ನಲ್ಲ. ಸರಿ. ಆ ಹೆಣದ ಮನೆಯೋರು ಬಂದು ಬಾಗಿಲು ತಟ್ಟಿದ್ರೆ ಯಾರು ತೆಗೀತಾರೆ, ನೀನಾ ಕಾನೂನಾ?"

"ಒಂದೆರಡು ಸಲ ಕೈ ತಿರುಗಿದ್ದಕ್ಕೆ ಇಷ್ಟೆಲ್ಲಾನಾ?"

"ಲೋ ಗ್ರೇಡಿ, ಕೈ ತಿರುಗೋದು ಎಲ್ಲರಿಗೂ ಆಗುತ್ತೆ. ತೋರಿಸಿದ್ರೆ ಮುಖ ಸಣ್ಣಗಾಗುತ್ತೆ, ಸಾರಿ ಅಂತಾರೆ. ಅವರಿಗೆ ತಿರುಗಿದ್ದೇ ಗೊತ್ತಿಲ್ಲ." ಅವಳು ಕಿಟಕಿಯ ಗಾಜು ಇಳಿಸಿ ಹೊರಗೆ ನೋಡುತ್ತಾ ಕೂತಳು.

ಮಾರನೆಯ ವಾರ ಮಧ್ಯಾಹ್ನ ಕೋಚ್ ಅವರ ಹೆಂಡತಿ, ಊರೆಲ್ಲ ಗೌರವದಿಂದ ಮಿಸ್ ನೆಲ್ಡಾ ಅನ್ನುವವರು, ಅಂಗಡಿಗೆ ಬಂದರು. ನಾನು ಗಾಳಕ್ಕೆ ಸಿಕ್ಕಿಸುವ ಸಣ್ಣ ಮೀನಿನ ತೊಟ್ಟಿಯ ನೀರು ಬದಲಿಸುತ್ತಿದ್ದೆ. ಚರ್ಚಿನಲ್ಲಿ ಪಿಯಾನೋ ನುಡಿಸುವ ಹೆಂಗಸು ಅವರು, ಸದಾ ಇಸ್ತ್ರಿ ಮಾಡಿದ ಉಡುಪು. ಆ ದಿನ ಸ್ವೆಟರಿನ ಗುಂಡಿ ತಪ್ಪಿ ಹಾಕಿಕೊಂಡಿದ್ದರು. ಜಗಳಕ್ಕೆ ಬಂದರು ಅಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಿರಬೇಕು, ಎದ್ದು ನಿಂತಳು.

"ಕೂತ್ಕೋ ವರ್ಲೀನ್" ಅಂದರು ಅವರು. "ಏನೇ ಆದ್ರೂ ಸಹಿ ಹಾಕ್ಬೇಡ."

ಅಕ್ಕ ಅವರಿಗೆ ಕುರ್ಚಿ ಎಳೆದು, ಐಸ್ ಹಾಕಿದ ಸಿಹಿ ಚಹಾ ಕೊಟ್ಟಳು. ಮಿಸ್ ನೆಲ್ಡಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಕುಡಿಯಲಿಲ್ಲ.

"ಕಳ್ಳರೂ ಇಲ್ಲ, ಯಾರೂ ಇಲ್ಲ. ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ತು. ಕೀ ಹೂವಿನ ಕುಂಡದಲ್ಲಿ. ನಾನು ತಂದು ಕೊಟ್ರೆ, ಕಳ್ಳ ಹೆದರಿ ಬಿಟ್ಟುಹೋದ ಅಂತಾರೆ. ಮೊನ್ನೆ ನಾನು ಅಡುಗೆಮನೇಲಿ ನಿಂತಿದ್ದೆ. ಬಾಗಿಲಲ್ಲಿ ನಿಂತು, ಯಾರದು ಅಂದ್ರು. ನಾನು ಕಣ್ರೀ ಅಂದೆ. ಯಾವ ನಾನು ಅಂದ್ರು."

"ಮನೆಲಿರೋ ಬಂದೂಕುಗಳು?"

"ಬೀರುವಿನ ಕೀ ನಾನೇ ಬಚ್ಚಿಟ್ಟಿದ್ದೀನಿ. ಅದನ್ನೂ ಕಳ್ಳರೇ ಒಯ್ದರು ಅಂತ ನಂಬಿದ್ದಾರೆ. ಲೈಸೆನ್ಸ್ ಬಂದ್ರೆ ಹೊಸದು ತಂದು ಸೊಂಟದಲ್ಲೇ ಇಟ್ಕೋತಾರೆ. ಹಗಲೂ ರಾತ್ರಿ."

"ಈ ಮಾತನ್ನ ನೀವು ಟ್ರೆಂಟ್‌ಗೆ ಹೇಳ್ಬೋದಲ್ಲ, ಮಿಸ್ ನೆಲ್ಡಾ?"

ಅವರು ತಲೆ ಅಲ್ಲಾಡಿಸಿದರು. "ಇಡೀ ಊರು ಅವರನ್ನ ಕಂಡ್ರೆ ಟೋಪಿ ತೆಗೆಯುತ್ತೆ. ಅವರಿಗೆ ಉಳಿದಿರೋದು ಅದೊಂದೇ. ಹೆಂಡ್ತಿಯಾಗಿ ನಾನೇ ಅದನ್ನ ಕಿತ್ಕೊಳ್ಳಲಾ? ನೀನೂ ಹೇಳಲ್ಲ ಅಂತ ಮಾತು ಕೊಡು."

ಇದು ಅನ್ಯಾಯ ಅಂತ ನನಗೆ ಬಾಯಿವರೆಗೂ ಬಂತು. ಒಂದು ಮಾತು ಹೇಳಿದರೆ ಕೇಸು ಮುಗಿಯುತ್ತಿತ್ತು, ಅಂಗಡಿ ಉಳಿಯುತ್ತಿತ್ತು. ಅಕ್ಕ ನನ್ನ ಕಡೆ ತಿರುಗಿಯೂ ನೋಡದೆ ಮಾತು ಕೊಟ್ಟಳು.

ಮಿಸ್ ನೆಲ್ಡಾ ಹೋದ ಮೇಲೆ ನಾನು ತೊಟ್ಟಿಯ ಜಾಲರಿ ಎಸೆದೆ. "ಅವರ ಮರ್ಯಾದೆ ಉಳಿಸೋಕೆ ನಮ್ಮ ಹೊಟ್ಟೆ ಮೇಲೆ ಹೊಡ್ಕೊಳ್ಳೋಣ ಅಂತೀಯಾ?"

"ನಾನು ಸಹಿ ಹಾಕಲ್ಲ ಅಂದದ್ದು ಆಕೆ ಬರೋಕೆ ಮುಂಚೆ" ಅಂದಳು ಅಕ್ಕ. "ಆಕೆ ಬರದೇ ಇದ್ದಿದ್ರೂ ಹೀಗೇ ನಿಂತಿರ್ತಿದ್ದೆ. ಈಗಲೂ ನಿಲ್ತೀನಿ. ನಿನಗೆ ಭಯ ಆದ್ರೆ ನಿನ್ನ ಪಾಲಿನ ಜಾಗ ಬಿಟ್ಟು ತರಗತಿನ ನಾನು ಮರದ ಕೆಳಗೆ ಮಾಡ್ಕೋತೀನಿ."

ನನಗೆ ರೇಗಿತು. ಆದರೆ ಅವಳು ಮರದ ಕೆಳಗೆ ತರಗತಿ ಮಾಡುವವಳೇ ಅಂತಲೂ ಗೊತ್ತಿತ್ತು.

ನಾವು ಮಣಿಯದ್ದರಿಂದ ಕೇಸು ದಾಖಲಾಯಿತು. ಜನವರಿಯಲ್ಲಿ, ಕೋರ್ಟಿನ ವಿಚಾರಣೆಗೆ ಮುಂಚಿನ ಕ್ರಮದಂತೆ, ಅಕ್ಕ ಮತ್ತು ಕೋಚ್ ಇಬ್ಬರನ್ನೂ ಆ್ಯಶ್ಲಾಕನ ಕಚೇರಿಗೆ ಕರೆಸಿ, ಪ್ರಮಾಣ ಮಾಡಿಸಿ ಹೇಳಿಕೆ ಬರೆದುಕೊಂಡರು. ಟೈಪು ಮಾಡುವ ಹೆಂಗಸೊಬ್ಬಳು ಮೂಲೆಯಲ್ಲಿ. ಗೋಡೆಯ ಮೇಲೆ, ಹುಡುಗನಾಗಿದ್ದ ಆ್ಯಶ್ಲಾಕನ ಹೆಗಲಿಗೆ ಕೋಚ್ ಕೈ ಹಾಕಿ ನಿಂತ ಫೋಟೋ. ಆ ದಿನ ಕೋಚ್ ಒಳ್ಳೆಯ ಸೂಟು ಹಾಕಿ, ಗಡ್ಡ ಹೆರೆದು, ಚುರುಕಾಗಿದ್ದರು. ನನ್ನನ್ನು ನೋಡಿದವರೇ, ನಾನು ಬಿಟ್ಟ ಹಳೆಯ ಕ್ಯಾಚೊಂದನ್ನು ನೆನಪಿಸಿ ಹಂಗಿಸಿದರು. ಅದು ಯಾವ ಊರಿನ ಮೈದಾನ, ಗಾಳಿ ಯಾವ ಕಡೆಗಿತ್ತು, ಎಲ್ಲ ಸರಿಯಾಗಿ ಹೇಳಿದರು. ಅಕ್ಕನದೇ ತಪ್ಪಿರಬಹುದೇ ಅಂತ ನನ್ನೊಳಗೆ ಅಳುಕು ಹುಟ್ಟಿತು. ಮಿಸ್ ನೆಲ್ಡಾ ಗಂಡನ ಪಕ್ಕದಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಾ ಕೂತಿದ್ದರು.

ಆ್ಯಶ್ಲಾಕ್ ಅಕ್ಕನನ್ನು ಕೇಳಿದ: "ನೀವು ಡಾಕ್ಟರಾ, ಮಿಸ್ ಮ್ಯಾಬ್ರಿ?"

"ಅಲ್ಲ."

"ಮನೋರೋಗದ ತಜ್ಞರಾ?"

"ಜೈಲಲ್ಲಿ ಕೆಲಸ ಮಾಡ್ದೋಳು."

"ಮತ್ತೆ ಯಾವ ಅಧಿಕಾರದ ಮೇಲೆ ಸಹಿ ಹಾಕಲ್ಲ ಅಂದ್ರಿ?"

"ಸಹಿ ನಂದು ಅನ್ನೋ ಅಧಿಕಾರದ ಮೇಲೆ. ಅಂಕ ಬಂದೋರಿಗೆಲ್ಲ ಕಣ್ಮುಚ್ಚಿ ಕೊಡೋದಾಗಿದ್ರೆ ರಾಜ್ಯದೋರು ನನ್ನ ಬದಲು ಒಂದು ರಬ್ಬರ್ ಸ್ಟಾಂಪು ಕಳಿಸ್ತಿದ್ರು."

"ಇದರ ಬಗ್ಗೆ ನಿಮ್ಮ ಹತ್ರ ಬೇರೆ ಯಾರಾದ್ರೂ ಮಾತಾಡಿದ್ರಾ?"

ಮಿಸ್ ನೆಲ್ಡಾ ಅವರ ಬೆರಳುಗಳು ಕೈಚೀಲದ ಹಿಡಿಯನ್ನು ಬಿಗಿದವು.

"ಈ ಊರಲ್ಲಿ ಮಾತಾಡದೆ ಬಿಟ್ಟೋರು ಯಾರು, ಟ್ರೆಂಟ್? ಪೆಟ್ರೋಲ್ ಹಾಕಿಸೋಕೆ ಹೋದ್ರೆ ಅಲ್ಲೂ ಮಾತಾಡಿದ್ರು. ನಿಮ್ಮಮ್ಮನೂ ಮಾತಾಡಿದ್ರು, ದಿನಸಿ ಅಂಗಡೀಲಿ. ಯಾರ ಮಾತಿಗೂ ನಾನು ತೀರ್ಮಾನ ಬದಲಿಸಲಿಲ್ಲ. ಅದು ಆ ಶನಿವಾರವೇ ಆದದ್ದು. ಅವರು ಪಿಸ್ತೂಲನ್ನ ಜನರ ಮೇಲೆ ತಿರುಗಿಸಿದ್ರು. ಹೇಳಿದ್ರೆ, ತಿರುಗಿಸಲೇ ಇಲ್ಲ ಅಂದ್ರು. ಮತ್ತೆ ತಿರುಗಿಸಿದ್ರು."

"ಸುಳ್ಳು" ಅಂದರು ಕೋಚ್.

"ಕೋಚ್, ನಿಮ್ಮ ಸರದಿ ಬರುತ್ತೆ" ಅಂತ ಆ್ಯಶ್ಲಾಕ್ ಅವರ ತೋಳು ಮುಟ್ಟಿದ.

ಅವರು ಕೊಡವಿಕೊಂಡರು. "ನೀನು ಕೂತ್ಕೊಳ್ಳೋ. ಮಾತು ಸಾಕು. ಏ ಹುಡುಗಿ, ಇವತ್ತೇ ನನ್ನನ್ನ ಗುಂಡು ಹಾರಿಸೋ ಗೆರೆ ಮೇಲೆ ನಿಲ್ಸು. ಇವರೆಲ್ಲರ ಎದುರಿಗೇ ಹೊಡೀತೀನಿ. ತಪ್ಪಿದ್ರೆ ಕೇಸ್ ವಾಪಸ್. ತಪ್ಪದೇ ಇದ್ರೆ ಅಲ್ಲೇ ಸಹಿ ಹಾಕ್ತೀಯಾ?"

ಒಫೀಲಿಯಾ ಮೇಜಿನ ಕೆಳಗೆ ಅಕ್ಕನ ಕಾಲು ತುಳಿದದ್ದು ನನಗೆ ಕಂಡಿತು. ಅಕ್ಕ ಕಾಲು ಸರಿಸಿಕೊಂಡಳು.

"ಬನ್ನಿ. ನಳಿಕೆ ದಿಬ್ಬ ಬಿಟ್ಟು ಅಲುಗದೇ ಇದ್ರೆ ಹಾಕ್ತೀನಿ. ಆದ್ರೆ ಉಳಿದೋರೆಲ್ಲ ಗೋಡೆ ಹಿಂದೆ ನಿಲ್ಬೇಕು."

ಎರಡೂ ಕಡೆಯ ವಕೀಲರು ಬೇಡವೆಂದರು. ಕೋಚ್ ಆಗಲೇ ಟೋಪಿ ಹಾಕಿಕೊಂಡು ಬಾಗಿಲಲ್ಲಿದ್ದರು.

ಬಯಲಿನ ಅಂಚಿನಲ್ಲಿ ಎದೆಮಟ್ಟದ ಕಾಂಕ್ರೀಟು ಗೋಡೆಯೊಂದಿದೆ. ನಾನು, ಆ್ಯಶ್ಲಾಕ್, ಒಫೀಲಿಯಾ, ಮಿಸ್ ನೆಲ್ಡಾ ಅದರ ಹಿಂದೆ ನಿಂತೆವು. ಚಳಿಗಾಲದ ಬಿಸಿಲು ಬಿದ್ದಿತ್ತು. ಅಕ್ಕ ಕೋಚ್ ಅವರ ಬಲಗೈ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಷ್ಟು ಹತ್ತಿರ ನಿಂತಳು. ಸೂಟಿನ ಕೋಟು ಕಳಚಿ ನನ್ನ ಕೈಗೆ ಕೊಟ್ಟಿದ್ದ ಕೋಚ್ ನೆಟ್ಟಗೆ, ಅಗಲವಾಗಿ ಕಾಲೂರಿ ನಿಂತಿದ್ದರು. ಹಿಂದಿನಿಂದ ನೋಡಿದರೆ ನಲವತ್ತರ ಗಂಡಸು ಅನ್ನಬೇಕು.

ಅಕ್ಕ ಕೊಟ್ಟ ತರಗತಿಯ ಪಿಸ್ತೂಲಿನಿಂದ ಹೊಡೆದರು. ಒಂದೊಂದು ಗುಂಡೂ ಗುರಿಯ ಹಲಗೆಯ ನಡುವಿಗೇ ಹೋಯಿತು. ಆ್ಯಶ್ಲಾಕ್ ನನ್ನನ್ನು ಮೊಣಕೈಯಲ್ಲಿ ತಿವಿದು, "ಕಂಡ್ಯಾ?" ಅಂದ. ಮುಂದಿನ ಸುತ್ತಿಗೆ ಅಕ್ಕ ಇಷ್ಟು ಗುಂಡು ಅಂತ ಹೇಳಿ, ಶುರು ಮಾಡಿ ಅಂದಳು. ಕೋಚ್ ಹೊಡೆದು, ಎಲ್ಲ ಮುಗಿಯಿತು ಅನ್ನುವ ಹಾಗೆ ಕೈ ಇಳಿಸಿದರು. ನಳಿಕೆ ದಿಬ್ಬದ ಕಡೆಗೇ ಇತ್ತು. ಅಕ್ಕ ಸಹಿ ಹಾಕಿದರೂ ಮಾನ ಕಳೆದ ಆರೋಪ ಉಳಿಯುತ್ತದೆ ಅಂದುಕೊಂಡು, ನಾನು ಅಂಗಡಿಗೆ ಯಾವ ಬೋರ್ಡು ಹಾಕಿ ಮಾರಲಿ ಅಂತ ಯೋಚಿಸತೊಡಗಿದ್ದೆ.

ಆಗ ಮಿಸ್ ನೆಲ್ಡಾ ನಮ್ಮ ಪಕ್ಕದಿಂದ ಸರಿದು ಗೋಡೆಯ ಆಚೆ ಹೋದರು. ನಾನು ಹಿಡಿಯಲು ಕೈ ಚಾಚುವಷ್ಟರಲ್ಲಿ ಅವರು ಬಯಲಿನಲ್ಲಿದ್ದರು. ಜಲ್ಲಿಯ ಮೇಲೆ ಅವರ ಹೆಜ್ಜೆ ಸದ್ದು ಮಾಡಿತು. ಕೋಚ್ ಆ ಸದ್ದಿಗೆ ತಿರುಗಿದರು. ಪಿಸ್ತೂಲು ಅವರ ಜೊತೆಯಲ್ಲೇ ತಿರುಗಿ ಹೆಂಡತಿಯ ಎದೆಗೆ ನೇರವಾಗಿ ನಿಂತಿತು. ಬೆರಳು ಟ್ರಿಗರಿನ ಮೇಲಿತ್ತು.

"ಯಾರದು?" ಅಂದರು. ಆ ದನಿ ನಾನು ಅವರಿಂದ ಎಂದೂ ಕೇಳಿರಲಿಲ್ಲ. ಅದರಲ್ಲಿ ಹೆದರಿಕೆ ಇತ್ತು.

ಅಕ್ಕ ಎರಡೂ ಕೈಯಿಂದ ಅವರ ಮಣಿಕಟ್ಟು ಹಿಡಿದು ನೆಲಕ್ಕೆ ಒತ್ತಿ, ಪಿಸ್ತೂಲು ಕಿತ್ತುಕೊಂಡಳು. ಮಿಸ್ ನೆಲ್ಡಾ ಅಲ್ಲಾಡಲಿಲ್ಲ.

"ಖಾಲಿ ಇತ್ತು ಅದು" ಅಂದರು ಕೋಚ್, ಉಸಿರು ಬಿಡುತ್ತಾ. "ಎಲ್ಲಾ ಹೊಡೆದಿದ್ದೆ. ಖಾಲಿ ಪಿಸ್ತೂಲಿಗೆ ಯಾಕೆ ಹೀಗೆ ಮೈಮೇಲೆ ಬೀಳ್ತೀಯಾ?"

ಅಕ್ಕ ತೋಟಾ ತುಂಬುವ ಮ್ಯಾಗಝೀನು ತೆಗೆದು ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆದಳು. ಒಂದು ಜೀವಂತ ತೋಟಾ ಹಾರಿ ಜಲ್ಲಿಯ ಮೇಲೆ ಬಿತ್ತು.

ಕೋಚ್ ಅದನ್ನು ಬಗ್ಗಿ ನೋಡಿದರು. "ಯಾರೋ ಹಾಕಿದ್ದಾರೆ" ಅಂದರು. "ಟ್ರೆಂಟ್, ಬರ್ಕೋ. ಇವಳೇ ಹಾಕಿದ್ದು. ನನ್ನ ಸಾಮಾನು ತಗೊಂಡು ಹೋಗೋರೂ ಇವರೇ ಇರ್ಬೇಕು."

ಆ್ಯಶ್ಲಾಕ್ ಏನೂ ಬರೆದುಕೊಳ್ಳಲಿಲ್ಲ. ಅವನ ಮುಖ ಸುಣ್ಣವಾಗಿತ್ತು.

"ಯಾರೂ ಹಾಕಲಿಲ್ಲ, ಹಾಲಿಸ್" ಅಂದರು ಮಿಸ್ ನೆಲ್ಡಾ. "ಯಾರೂ ಏನೂ ತಗೊಂಡು ಹೋಗಲಿಲ್ಲ. ಸಹಿ ಹಾಕ್ಬೇಡ ಅಂತ ವರ್ಲೀನ್‌ಗೆ ಕೇಳ್ಕೊಂಡವಳು ನಾನು. ಬೀರುವಿನ ಕೀ ಬಚ್ಚಿಟ್ಟವಳೂ ನಾನು. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ, ಈ ಹುಡುಗಿ ನನ್ನ ಪಾಲಿನ ಬೈಗುಳವನ್ನೂ ತಿಂದ್ಳು. ಕೇಸ್ ನಡೆಸೋದಾದ್ರೆ ನನ್ನ ಹೆಸರೂ ಸೇರ್ಸಿ. ಕೋರ್ಟಿಗೆ ಬರ್ತೀನಿ. ಊರೆಲ್ಲ ಕೂತಿರಲಿ, ಅವರ ಮುಂದೆ ಇದನ್ನೇ ಹೇಳ್ತೀನಿ."

"ನೀನು ನನ್ನ ವಿರುದ್ಧ ನಿಲ್ತೀಯಾ?"

"ನಿಮ್ಮ ಪಿಸ್ತೂಲಿನ ಮುಂದೇನೇ ನಿಂತೆ. ಕೋರ್ಟೇನು ಮಹಾ."

ಕೋಚ್ ತಲೆ ತಗ್ಗಿಸಲಿಲ್ಲ, ಅಳಲಿಲ್ಲ. ನನ್ನ ಕೈಯಿಂದ ಕೋಟು ಎಳೆದುಕೊಂಡು, ಗುಂಡಿ ಹಾಕಿಕೊಂಡು, "ಟ್ರಕ್ಕು ನಾನೇ ಓಡಿಸ್ತೀನಿ" ಅಂದರು. ಮಿಸ್ ನೆಲ್ಡಾ ಕೀಯನ್ನು ಕೈಚೀಲಕ್ಕೆ ಹಾಕಿ ಚೈನು ಎಳೆದರು. ಕೊನೆಗೆ ಓಡಿಸಿದ್ದು ಅವರೇ. ಕೋಚ್ ಪಕ್ಕದಲ್ಲಿ ಕೂತು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು.

ಅವರು ಹೋದ ಮೇಲೆ ಆ್ಯಶ್ಲಾಕ್ ಗೋಡೆಯ ಮೇಲೆ ಕೈಯೂರಿ ನಿಂತಿದ್ದ. "ನಮ್ಮಪ್ಪ ಬಿಟ್ಟುಹೋದಾಗ ನನ್ನನ್ನ ಬೆಳೆಸಿದೋರು ಅವರು" ಅಂದ. "ನನಗೆ ಹೇಗೆ ಕಾಣಲಿಲ್ಲ?"

"ನೀನು ಕಾಣೋಕೆ ಬಂದಿರ್ಲಿಲ್ಲ. ಗೆಲ್ಲೋಕೆ ಬಂದಿದ್ದೆ" ಅಂದಳು ಅಕ್ಕ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಒಳಗೆ ಬಾ, ಚಹಾ ಕುಡಿ. ಈಗಲೇ ಕಾರು ಓಡಿಸ್ಬೇಡ" ಅಂದಳು.

ಕೇಸು ವಾಪಸಾಯಿತು. ಕಾರಣ ಹೊರಗೆ ಬರಲಿಲ್ಲ. ಅಲ್ಲಿದ್ದ ಯಾರೂ ಹೇಳಲಿಲ್ಲ. ನಾನು ಈಗ ಹೇಳುತ್ತಿರುವುದು ಕೋಚ್ ತೀರಿಕೊಂಡು, ಮಿಸ್ ನೆಲ್ಡಾ ಅವರೇ ಹೇಳು ಅಂದ ಮೇಲೆ. ಅಕ್ಕ ಗುಟ್ಟಾಗಿ ಕೋಚ್ ಕಾಲು ಹಿಡಿದಳು, ಅವರು ದೊಡ್ಡ ಮನಸ್ಸು ಮಾಡಿ ಬಿಟ್ಟರು ಅಂತ ಊರು ತೀರ್ಮಾನಿಸಿತು. ಹೋಟೆಲಿನಲ್ಲಿ ಒಬ್ಬ, "ಕ್ಷಮೆ ಕೇಳಿದ್ಯಂತೆ, ಒಳ್ಳೇದಾಯ್ತು ಬಿಡು" ಅಂದಾಗ, ಅವಳು ಪೈ ತಿನ್ನುತ್ತಿದ್ದವಳು ಚಮಚ ಕೆಳಗಿಟ್ಟಳು.

"ಕೇಳಿಲ್ಲ. ಕೇಳೋದೂ ಇಲ್ಲ. ನಿನಗೆ ಇನ್ನೇನಾದ್ರೂ ತಿಳ್ಕೋಬೇಕಿದ್ರೆ ನನ್ನ ತರಗತಿಗೆ ಬಾ, ಫೀಸು ಕಟ್ಟಿ ಕೇಳು."

ಮಿಸ್ ನೆಲ್ಡಾ ಗಂಡನನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಕೋಚ್ ಕೊನೆಯವರೆಗೂ ಅಕ್ಕನನ್ನು ಕ್ಷಮಿಸಲಿಲ್ಲ. ಬಹಳಷ್ಟು ಮರೆತರು, ಮಕ್ಕಳ ಹೆಸರನ್ನೂ ಮರೆತರು. ಆದರೆ ಚರ್ಚಿನ ಅಂಗಳದಲ್ಲಿ ಅವಳು ಕಂಡರೆ ಮುಖ ತಿರುಗಿಸುವುದನ್ನು ಮರೆಯಲಿಲ್ಲ. ಅಕ್ಕ ಪ್ರತಿ ಭಾನುವಾರವೂ ಎದುರಿಗೇ ಹೋಗಿ "ನಮಸ್ಕಾರ, ಕೋಚ್" ಅನ್ನುತ್ತಿದ್ದಳು.

ವಿಮೆಯ ಕಂಪನಿ ಮರುವರ್ಷ ಅವಳನ್ನು ಕೈಬಿಟ್ಟಿತು. ಹುಡುಕಿ ಬೇರೆ ಕಡೆ ಮಾಡಿಸಿದೆವು, ಕಂತು ಹೆಚ್ಚಾಯಿತು. ವಸಂತದಲ್ಲಿ ತರಗತಿ ಮತ್ತೆ ಶುರುವಾದಾಗ ಕುರ್ಚಿಗಳು ಅರ್ಧ ತುಂಬಿದ್ದವು. ಅವಳು ಬೋರ್ಡಿನ ಮುಂದೆ ನಿಂತು ಮೊದಲ ಮಾತಾಗಿ ಹೇಳಿದಳು:

"ಪಾಸಾದ ಮಾತ್ರಕ್ಕೆ ನಾನು ಸಹಿ ಹಾಕ್ತೀನಿ ಅಂತ ಯಾರೂ ಅಂದ್ಕೋಬೇಡಿ. ಸಂಜೆವರೆಗೂ ನಿಮ್ಮನ್ನ ನೋಡ್ತೀನಿ. ಮನಸ್ಸಿಗೆ ಒಪ್ಪದಿದ್ರೆ ಹಾಕಲ್ಲ. ಕೇಸ್ ಹಾಕೋರು ಹಾಕ್ಬೋದು, ವಕೀಲರ ನಂಬರು ಗೋಡೆ ಮೇಲಿದೆ. ಇಷ್ಟ ಇಲ್ದೋರು ಈಗಲೇ ಎದ್ದು, ನನ್ನ ತಮ್ಮನ ಹತ್ರ ಫೀಸು ವಾಪಸ್ ತಗೊಂಡು ಹೋಗಿ."

ಕೆಲವರು ಎದ್ದು ಬಂದರು. ನಾನು ಗೊಣಗುತ್ತಲೇ ದುಡ್ಡು ಕೊಟ್ಟು ಕಳಿಸಿದೆ. ಅಕ್ಕ ಖಾಲಿಯಾದ ಕುರ್ಚಿಗಳನ್ನು ಗೋಡೆಗೆ ಸರಿಸಿ, ಉಳಿದವರನ್ನು ಮುಂದಕ್ಕೆ ಕರೆದು ಪಾಠ ಶುರು ಮಾಡಿದಳು.